ಮೌರಿಟ್ಸಿಯೊ ದಮಿಲಾನೊ, ನೆಲ ಬಿಡದೆ ಗೆದ್ದ ನಡಿಗೆಗಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಿವರು?

ಇಟಲಿಯ ವೇಗದ ನಡಿಗೆ ಪಟು. 1980ರ ಮಾಸ್ಕೋ ಒಲಿಂಪಿಕ್ಸ್‌ನ 20 ಕಿ.ಮೀ. ನಡಿಗೆಯಲ್ಲಿ ಚಿನ್ನ, 1984ರ ಲಾಸ್ ಏಂಜಲೀಸ್‌ನಲ್ಲಿ ಕಂಚು, 1988ರ ಸೋಲ್‌ನಲ್ಲಿ ಮತ್ತೊಂದು ಕಂಚು. 1987ರಲ್ಲಿ ರೋಮ್‌ನಲ್ಲೂ 1991ರಲ್ಲಿ ಟೋಕಿಯೊದಲ್ಲೂ ವಿಶ್ವ ಚಾಂಪಿಯನ್. ಮೊದಲ ಚಿನ್ನಕ್ಕೂ ಕೊನೆಯ ಚಿನ್ನಕ್ಕೂ ನಡುವೆ 11 ವರ್ಷ. ರೇಸ್ ವಾಕಿಂಗ್‌ನಲ್ಲಿ ಇಷ್ಟು ಕಾಲ ಮುಂಚೂಣಿಯಲ್ಲಿ ಉಳಿಯುವುದು ಎಷ್ಟು ಕಷ್ಟ ಎಂಬುದು ಆ ಆಟದ ನಿಯಮ ತಿಳಿದ ಮೇಲೆಯೇ ಅರ್ಥವಾಗುತ್ತದೆ. ಹಾಗಾಗಿ ಮೊದಲು ಅದನ್ನೇ ನೋಡೋಣ.

ವೇಗದ ನಡಿಗೆಗೂ ಓಟಕ್ಕೂ ವ್ಯತ್ಯಾಸವೇನು? ನೋಡಿದರೆ ಓಡಿದ ಹಾಗೇ ಕಾಣುತ್ತದಲ್ಲ?

ಎರಡೇ ನಿಯಮ. ಒಂದು, ಯಾವಾಗಲೂ ಒಂದು ಕಾಲಾದರೂ ನೆಲದ ಮೇಲಿರಬೇಕು. ಎರಡೂ ಪಾದ ಒಟ್ಟಿಗೆ ಗಾಳಿಯಲ್ಲಿರುವುದು ತೀರ್ಪುಗಾರರ ಬರಿಗಣ್ಣಿಗೆ ಕಂಡರೆ ತಪ್ಪು. ಎರಡು, ಮುಂದಿಟ್ಟ ಕಾಲು ನೆಲ ಮುಟ್ಟಿದ ಗಳಿಗೆಯಿಂದ ಮೈ ಆ ಕಾಲಿನ ಮೇಲೆ ನೇರವಾಗಿ ಬರುವವರೆಗೆ ಮೊಣಕಾಲು ಮಡಚಬಾರದು.

ಎರಡನೆಯ ನಿಯಮ ಈ ರೂಪಕ್ಕೆ ಬಂದದ್ದು 1995ರಲ್ಲಿ. ದಮಿಲಾನೊ ಅವರ ಕಾಲದಲ್ಲಿ ಕಾಲು ಹೆಜ್ಜೆಯ ನಡುವೆ, ಮುಖ್ಯವಾಗಿ ಮೈಭಾರ ನೇರ ಮೇಲಿರುವಾಗ, ನೆಟ್ಟಗಾದರೆ ಸಾಕಿತ್ತು. ಮೊದಲನೆಯ ನಿಯಮದ ಬಿಗಿ ಮಾತ್ರ ಅಂದೂ ಇತ್ತು, ಇಂದೂ ಇದೆ.

ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರೆ. ತಪ್ಪು ಆಗುವಂತಿದೆ ಅನ್ನಿಸಿದರೆ ಹಳದಿ ಬಿಲ್ಲೆ ತೋರಿಸಿ ಎಚ್ಚರಿಸುತ್ತಾರೆ. ಅದರ ಮೇಲೆ ಅಲೆಯಂಥ ಗೆರೆ ಇದ್ದರೆ ‘ನೆಲ ಬಿಡುತ್ತಿದ್ದೀಯ’ ಎಂದು, ಮಡಚಿದ ಕಾಲಿನಂಥ ಗುರುತಿದ್ದರೆ ‘ಮೊಣಕಾಲು ನೋಡಿಕೋ’ ಎಂದು ಅರ್ಥ. ಮೂವರು ಬೇರೆ ಬೇರೆ ತೀರ್ಪುಗಾರರು ಕೆಂಪು ಕಾರ್ಡ್ ಬರೆದರೆ ಸ್ಪರ್ಧೆಯಿಂದ ಹೊರಗೆ. ಈಗ ಕೆಲವು ಕೂಟಗಳಲ್ಲಿ ನೇರವಾಗಿ ಹೊರಹಾಕುವ ಮೊದಲು ದಾರಿಯ ಪಕ್ಕದ ಒಂದು ಗೊತ್ತಾದ ಜಾಗದಲ್ಲಿ ಕೆಲ ನಿಮಿಷ ನಿಲ್ಲಿಸುವ ಪದ್ಧತಿಯಿದೆ. ಮಾಸ್ಕೋದಲ್ಲಿ ಆ ರಿಯಾಯಿತಿ ಇರಲಿಲ್ಲ.

ಓಟದಲ್ಲಿ ನಿಮ್ಮ ಎದುರಾಳಿ ಪಕ್ಕದವನು. ಇಲ್ಲಿ ಪಕ್ಕದವನ ಜೊತೆಗೆ ನಿಮ್ಮ ಸ್ವಂತ ಕಾಲೂ ಎದುರಾಳಿಯೇ. ದೇಹ ದಣಿದಷ್ಟೂ ಓಡಲು ಹಾತೊರೆಯುತ್ತದೆ, ಓಡಗೊಡಬಾರದು.

ಸೊಂಟ ಯಾಕೆ ಹಾಗೆ ಹೊರಳುತ್ತದೆ?

ಮೊಣಕಾಲು ಮಡಚುವಂತಿಲ್ಲ, ನೆಗೆಯುವಂತಿಲ್ಲ. ಹೆಜ್ಜೆ ಉದ್ದವಾಗಬೇಕಾದರೆ ಉಳಿದಿರುವುದು ಸೊಂಟವೊಂದೇ. ಅದನ್ನು ಮುಂದಕ್ಕೆ ತಿರುಗಿಸಿ ಕಾಲನ್ನು ಇನ್ನಷ್ಟು ದೂರ ಚಾಚುತ್ತಾರೆ. ಆಗ ಪಾದಗಳು ಎಡ ಒಂದು ಸಾಲು, ಬಲ ಒಂದು ಸಾಲು ಎಂದು ಬೀಳದೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬೀಳುತ್ತವೆ.

ನಾನು ಇದನ್ನು ಸರಿಯಾಗಿ ಕಂಡದ್ದು ನಮ್ಮ ಶಾಲೆಯ ಕೆಂಪುಮಣ್ಣಿನ ಮೈದಾನದಲ್ಲಿ. ಹಿಂದಿನ ರಾತ್ರಿ ಮಳೆ ಬಂದು ಮಣ್ಣು ಮೆತ್ತಗಾಗಿತ್ತು. ಓಟದ ಹುಡುಗರ ಹೆಜ್ಜೆಗಳಲ್ಲಿ ಬೆರಳ ತುದಿಯ ಗುಂಡಿ ಆಳವಾಗಿ ಇಳಿದಿತ್ತು. ನಡಿಗೆ ಅಭ್ಯಾಸ ಮಾಡುತ್ತಿದ್ದ ಹುಡುಗಿಯ ಹೆಜ್ಜೆಗಳಲ್ಲಿ ಹಿಮ್ಮಡಿಯ ಅಂಚು ಕೊರೆದ ಹಾಗೆ ಮೂಡಿತ್ತು, ಮತ್ತು ಅವೆಲ್ಲ ದಾರ ಹಿಡಿದು ಪೋಣಿಸಿದಂತೆ ಒಂದೇ ಸಾಲಿನಲ್ಲಿದ್ದವು. ಇಟಲಿಯವರು ಈ ಆಟವನ್ನು ‘ಮಾರ್ಚಾ’ ಎನ್ನುತ್ತಾರೆ, ಆಡುಮಾತಿನಲ್ಲಿ ‘ತಾಕ್ಕೊ ಎ ಪುಂತಾ’, ಅಂದರೆ ಹಿಮ್ಮಡಿ ಮತ್ತು ತುದಿ. ಆ ಮಣ್ಣು ನೋಡಿದ ದಿನ ಆ ಹೆಸರಿನ ಅರ್ಥ ನನಗೆ ಪೂರ್ತಿ ತಿಳಿಯಿತು.

ದಮಿಲಾನೊ ಯಾವ ಊರಿನವರು? ಮನೆಯಲ್ಲಿ ಬೇರೆ ಕ್ರೀಡಾಪಟುಗಳಿದ್ದರೇ?

ಹುಟ್ಟಿದ್ದು 1957ರ ಏಪ್ರಿಲ್ 6ರಂದು, ಸ್ಕಾರ್ನಫೀಜಿ ಎಂಬ ಸಣ್ಣ ಊರಿನಲ್ಲಿ. ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂತೆ ಪ್ರಾಂತ್ಯ, ಕೂನಿಯೊ ಜಿಲ್ಲೆ. ಹತ್ತಿರದ ಪಟ್ಟಣ ಸಲೂತ್ಸೊ. ತಲೆ ಎತ್ತಿದರೆ 3,841 ಮೀಟರ್ ಎತ್ತರದ ಮೊನ್ವಿಸೊ ಪರ್ವತ. ಇಟಲಿಯ ಅತಿ ಉದ್ದದ ನದಿ ಪೊ ಹುಟ್ಟುವುದು ಅದರ ಬುಡದಲ್ಲೇ.

ಅವರು ಅವಳಿ ಮಕ್ಕಳಲ್ಲಿ ಒಬ್ಬರು. ಜೊತೆಯಲ್ಲಿ ಹುಟ್ಟಿದ ಜಾರ್ಜೊ ಕೂಡ ನಡಿಗೆ ಪಟು. ಇಬ್ಬರಿಗೂ ಅಣ್ಣನಾದ ಸಾಂಡ್ರೊ, ಮೌರಿಟ್ಸಿಯೊ ಅವರ ತರಬೇತುದಾರ. ಒಂದೇ ಮನೆಯಲ್ಲಿ ಗುರು, ಶಿಷ್ಯ, ಜೊತೆಗಾರ ಮೂವರೂ ಇದ್ದರು. ಮನೆಯವರೇ ತರಬೇತಿ ಕೊಟ್ಟರೆ ಸಲುಗೆ ಹೆಚ್ಚಾಗಿ ಶಿಸ್ತು ಸಡಿಲವಾಗುತ್ತದೆ ಎನ್ನುವವರಿದ್ದಾರೆ. ಈ ಮೂವರ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ.

ಮಾಸ್ಕೋದಲ್ಲಿ ನಿಜಕ್ಕೂ ಏನಾಯಿತು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಿನ 1980ರ ಜುಲೈ 24. ಆಗ ವೇಗದ ನಡಿಗೆ ಎಂದರೆ ಮೆಕ್ಸಿಕೊ ಎನ್ನುವ ಕಾಲ. ಅವರ ಡೇನಿಯಲ್ ಬೌತಿಸ್ತಾ ನಾಲ್ಕು ವರ್ಷ ಹಿಂದೆ ಮಾಂಟ್ರಿಯಲ್‌ನಲ್ಲಿ ಚಿನ್ನ ಗೆದ್ದಿದ್ದರು, ಮಾಸ್ಕೋದಲ್ಲೂ ಗೆಲ್ಲುವವರು ಅವರೇ ಎಂಬ ನಿರೀಕ್ಷೆ ಇತ್ತು. ಆತಿಥೇಯ ಸೋವಿಯತ್ ಒಕ್ಕೂಟದ ಕಡೆಯಿಂದ ಅನಾತೊಲಿ ಸೊಲೊಮಿನ್ ಇದ್ದರು. ದಮಿಲಾನೊಗೆ ಆಗ 23 ವರ್ಷ.

ಸ್ಪರ್ಧೆ ಕೊನೆಯ ಹಂತಕ್ಕೆ ಬಂದಾಗ ಮುಂದಿದ್ದವರು ಬೌತಿಸ್ತಾ. ಇನ್ನು ಸುಮಾರು ಎರಡು ಕಿಲೋಮೀಟರ್ ಇರುವಾಗ ತೀರ್ಪುಗಾರರು ಅವರನ್ನು ಅನರ್ಹಗೊಳಿಸಿದರು. ಮುನ್ನಡೆ ಸೊಲೊಮಿನ್‌ಗೆ ಸಿಕ್ಕಿತು. ಸ್ವಂತ ನೆಲ, ಸ್ವಂತ ಜನ, ಒಲಿಂಪಿಕ್ ಚಿನ್ನ ಕೈಗೆಟುಕುವಷ್ಟು ಹತ್ತಿರ. ಸ್ವಲ್ಪ ಹೊತ್ತಿನಲ್ಲೇ ಅವರಿಗೂ ಕೆಂಪು. ಕ್ರೀಡಾಂಗಣ ತಲುಪುವ ಮೊದಲೇ ಇಬ್ಬರೂ ಹೊರಬಿದ್ದರು.

ಲೆನಿನ್ ಕ್ರೀಡಾಂಗಣದ ಒಳಗೆ ಮೊದಲು ಬಂದವರು ದಮಿಲಾನೊ. 1 ಗಂಟೆ 23 ನಿಮಿಷ 35.5 ಸೆಕೆಂಡಿಗೆ ಗುರಿ ಮುಟ್ಟಿದರು. ಎರಡನೆಯವರಾದ ಸೋವಿಯತ್‌ನ ಪ್ಯೋತರ್ ಪೊಚೆಂಚುಕ್ ಬಂದದ್ದು ಸುಮಾರು 70 ಸೆಕೆಂಡುಗಳ ನಂತರ. ಕಂಚು ಪೂರ್ವ ಜರ್ಮನಿಯ ರೋಲಂಡ್ ವೀಸರ್ ಪಾಲಾಯಿತು. ಅವಳಿ ಸಹೋದರ ಜಾರ್ಜೊ ಅದೇ ಸ್ಪರ್ಧೆಯಲ್ಲಿ 11ನೆಯವರಾಗಿ ಮುಗಿಸಿದರು.

ಮುಂದಿದ್ದವರು ಅನರ್ಹರಾದರು, ಇವರಿಗೆ ಚಿನ್ನ ಒಲಿಯಿತು. ಅದು ಅದೃಷ್ಟವಲ್ಲವೇ?

ಅಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಅಡೆತಡೆ ಓಟದಲ್ಲಿ ಒಬ್ಬ ಹರ್ಡಲ್ ತಾಗಿ ಬಿದ್ದರೆ, ದಾಟಿದವನಿಗೆ ಅದೃಷ್ಟ ಎನ್ನುತ್ತೇವೆಯೇ? ಹರ್ಡಲ್ ದಾಟುವುದೇ ಆ ಸ್ಪರ್ಧೆ. ಇಲ್ಲಿಯೂ ಅಷ್ಟೇ. ಕಣ್ಣಿಗೆ ಕಾಣದ ಹರ್ಡಲ್ ಪ್ರತಿ ಹೆಜ್ಜೆಯಲ್ಲೂ ಇದೆ, 20 ಕಿಲೋಮೀಟರ್ ಉದ್ದಕ್ಕೂ ಇದೆ. ಬೌತಿಸ್ತಾ ಮತ್ತು ಸೊಲೊಮಿನ್ ಆ ವೇಗಕ್ಕೆ ಏರಿದಾಗ ಅವರ ಪಾದ ನೆಲದ ಜೊತೆಗಿನ ಲೆಕ್ಕ ತಪ್ಪಿತು ಎಂಬುದು ತೀರ್ಪುಗಾರರ ನಿರ್ಣಯ. ಅದೇ ರಸ್ತೆ, ಅದೇ ಬಿಸಿಲು, ಅದೇ ತೀರ್ಪುಗಾರರ ಮುಂದೆ ದಮಿಲಾನೊ ಲೆಕ್ಕ ತಪ್ಪಲಿಲ್ಲ. ಮುಂದೆ ಹೋದವರ ಬೆನ್ನು ಕಾಣುತ್ತಿರುವಾಗ ತಾನೂ ಎದ್ದುಬಿದ್ದು ಹಿಂದೆ ಓಡದೆ ತನ್ನ ನಡಿಗೆಯನ್ನೇ ಹಿಡಿದು ನಿಲ್ಲಲು ಎಂಥ ಗಟ್ಟಿತನ ಬೇಕು! ಎರಡನೆಯವರಿಗೂ ಅವರಿಗೂ ಇದ್ದ 70 ಸೆಕೆಂಡು ಅಂತರ ಬಿಟ್ಟಿಯಾಗಿ ಸಿಕ್ಕಿದ್ದಲ್ಲ.

ಮುಂದಿನ ಹನ್ನೊಂದು ವರ್ಷಗಳಲ್ಲಿ ಅವರು ಏನು ಮಾಡಿದರು ಎಂಬುದನ್ನೂ ನೋಡಬೇಕು. ಒಂದು ಬಾರಿ ಅದೃಷ್ಟ ಎನ್ನಬಹುದು. ಮೂರು ಒಲಿಂಪಿಕ್ಸ್‌ಗಳಲ್ಲಿ ಸಾಲಾಗಿ ಪದಕ, ಮೇಲೆ ಎರಡು ವಿಶ್ವ ಪಟ್ಟ. ಅದೃಷ್ಟ ಅಷ್ಟು ದೂರ ನಡೆಯುವುದಿಲ್ಲ.

ಮಾಸ್ಕೋ ಪದಕ ವೇದಿಕೆಯ ಚಿತ್ರಗಳಲ್ಲಿ ಇಟಲಿಯ ಧ್ವಜ ಏಕಿಲ್ಲ?

ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದನ್ನು ವಿರೋಧಿಸಿ ಅಮೆರಿಕ ಬಹಿಷ್ಕಾರಕ್ಕೆ ಕರೆ ಕೊಟ್ಟಿತ್ತು, ಇಟಲಿ ಸರ್ಕಾರ ಅದಕ್ಕೆ ದನಿಗೂಡಿಸಿತ್ತು. ಆದರೆ ಇಟಲಿಯ ಒಲಿಂಪಿಕ್ ಸಮಿತಿ ತಂಡ ಕಳಿಸಿತು. ಸೇನೆಯಲ್ಲಿದ್ದ ಕ್ರೀಡಾಪಟುಗಳಿಗೆ ಹೋಗಲು ಅವಕಾಶವಾಗಲಿಲ್ಲ. ಹೋದವರು ಐದು ಉಂಗುರಗಳ ಒಲಿಂಪಿಕ್ ಧ್ವಜದಡಿ ಸ್ಪರ್ಧಿಸಿದರು. ಗೆದ್ದಾಗ ಅವರ ರಾಷ್ಟ್ರಗೀತೆಯ ಬದಲು ಒಲಿಂಪಿಕ್ ಗೀತೆ ನುಡಿಸಲಾಯಿತು. ಅದೇ ಕೂಟದಲ್ಲಿ 200 ಮೀಟರ್ ಗೆದ್ದ ಪಿಯೆತ್ರೊ ಮೆನ್ನೆಯಾ, ಎತ್ತರ ಜಿಗಿತ ಗೆದ್ದ ಸಾರಾ ಸಿಮೆಯೋನಿ ಅವರ ಅನುಭವವೂ ಇದೇ.

ಚಿನ್ನ ಗೆದ್ದು ನಿಂತಾಗ ಸ್ವಂತ ನಾಡಿನ ಹಾಡು ಕೇಳಲಿಲ್ಲ. ಒಲಿಂಪಿಕ್ಸ್ ಅಥವಾ ವಿಶ್ವ ಚಾಂಪಿಯನ್‌ಷಿಪ್ ವೇದಿಕೆಯ ಮೇಲೆ ಅದನ್ನು ಕೇಳಲು ಇನ್ನೂ ಏಳು ವರ್ಷ ಕಾಯಬೇಕಾಯಿತು.

ಲಾಸ್ ಏಂಜಲೀಸ್ ಮತ್ತು ಸೋಲ್‌ನಲ್ಲಿ?

ಎರಡರಲ್ಲೂ ಕಂಚು, ಎರಡೂ ಕೂದಲೆಳೆಯ ಅಂತರದವು. 1984ರಲ್ಲಿ ಮೆಕ್ಸಿಕೊದ ಎರ್ನೆಸ್ಟೊ ಕಾಂಟೊ 1:23:13ಕ್ಕೆ ಗೆದ್ದರು, ಅದೇ ದೇಶದ ರಾವುಲ್ ಗೊನ್ಸಾಲೆಸ್ 1:23:20, ದಮಿಲಾನೊ 1:23:26. ಇಪ್ಪತ್ತು ಕಿಲೋಮೀಟರ್ ನಡೆದ ಮೇಲೆ ಚಿನ್ನಕ್ಕೂ ಕಂಚಿಗೂ 13 ಸೆಕೆಂಡು. 1988ರಲ್ಲಿ ಚೆಕೊಸ್ಲೊವಾಕಿಯಾದ ಯೋಜೆಫ್ ಪ್ರಿಬಿಲಿನೆಟ್ಸ್ 1:19:57, ಪೂರ್ವ ಜರ್ಮನಿಯ ರೊನಾಲ್ಡ್ ವೈಗೆಲ್ 1:20:00, ದಮಿಲಾನೊ 1:20:14.

ಕಂಚು ಬಂದ ಆ ಸೋಲ್ ಸ್ಪರ್ಧೆಯಲ್ಲಿ ಅವರು ಮಾಸ್ಕೋದ ಚಿನ್ನದ ನಡಿಗೆಗಿಂತ ಮೂರು ನಿಮಿಷಕ್ಕೂ ಹೆಚ್ಚು ವೇಗವಾಗಿ ನಡೆದಿದ್ದರು. ಆಟ ಎಂಟು ವರ್ಷಗಳಲ್ಲಿ ಅಷ್ಟು ಮುಂದೆ ಸಾಗಿತ್ತು, ಅವರೂ ಅದರ ಜೊತೆಗೇ ಸಾಗಿದ್ದರು. ಪದಕಪಟ್ಟಿ ಮಾತ್ರ ನೋಡುವವರಿಗೆ ‘ಚಿನ್ನದಿಂದ ಕಂಚಿಗೆ ಇಳಿದರು’ ಎಂದು ಕಾಣುತ್ತದೆ. ಗಡಿಯಾರ ಬೇರೆಯದನ್ನೇ ಹೇಳುತ್ತದೆ.

ಪ್ರಿಬಿಲಿನೆಟ್ಸ್ ಜೊತೆಗಿನ ಪೈಪೋಟಿ ಬಗ್ಗೆ ಹೇಳಿ.

1986ರಲ್ಲಿ ಷ್ಟುಟ್‌ಗಾರ್ಟ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಪ್ರಿಬಿಲಿನೆಟ್ಸ್‌ಗೆ ಚಿನ್ನ, ದಮಿಲಾನೊಗೆ ಬೆಳ್ಳಿ. ಮರುವರ್ಷ ರೋಮ್‌ನಲ್ಲಿ ದಮಿಲಾನೊಗೆ ಚಿನ್ನ, ಪ್ರಿಬಿಲಿನೆಟ್ಸ್‌ಗೆ ಬೆಳ್ಳಿ. ಅದರ ಮರುವರ್ಷ ಸೋಲ್‌ನಲ್ಲಿ ಮತ್ತೆ ಪ್ರಿಬಿಲಿನೆಟ್ಸ್ ಮೇಲುಗೈ. ಮೂರು ವರ್ಷ ಒಬ್ಬರನ್ನೊಬ್ಬರು ಬಿಡದೆ ಬೆನ್ನಟ್ಟಿದರು.

ರೋಮ್ 1987 ಯಾಕೆ ಅಷ್ಟು ವಿಶೇಷ?

ವಿಶ್ವ ಚಾಂಪಿಯನ್‌ಷಿಪ್ ಅವರದೇ ದೇಶದ ರಾಜಧಾನಿಗೆ ಬಂದಿತ್ತು. ಅವರಿಗೆ 30 ವರ್ಷ. 1:20:45ಕ್ಕೆ ಗೆದ್ದರು, ಪ್ರಿಬಿಲಿನೆಟ್ಸ್ 22 ಸೆಕೆಂಡು ಹಿಂದೆ, ಸ್ಪೇನ್‌ನ ಹೊಸೆ ಮರೀನ್ ಮೂರನೆಯವರು. ಅದೇ ಕೂಟದಲ್ಲಿ ಇಟಲಿಯ ಫ್ರಾಂಚೆಸ್ಕೊ ಪನೆಟ್ಟಾ ಸ್ಟೀಪಲ್‌ಚೇಸ್ ಗೆದ್ದರು. ಮಾಸ್ಕೋದಲ್ಲಿ ಕೇಳದೇ ಹೋದ ರಾಷ್ಟ್ರಗೀತೆ ದಮಿಲಾನೊ ಅವರಿಗಾಗಿ ಮೊಳಗಿದ್ದು ತಮ್ಮ ಜನರ ನಡುವೆ. ಅವರ ಇಡೀ ವೃತ್ತಿಯಲ್ಲಿ ಒಂದೇ ದಿನ ಆರಿಸಿಕೋ ಎಂದರೆ ನಾನು ಆರಿಸುವುದು ಇದನ್ನೇ.

1991ರ ಟೋಕಿಯೊ?

34ನೆಯ ವಯಸ್ಸು. ಅನೇಕರು ಈ ವಯಸ್ಸಿಗೆ ಬೂಟು ಬಿಚ್ಚಿಟ್ಟಿರುತ್ತಾರೆ. ದಮಿಲಾನೊ 1:19:37ಕ್ಕೆ ನಡೆದು ಪಟ್ಟ ಉಳಿಸಿಕೊಂಡರು. ಸೋವಿಯತ್‌ನ ಮಿಖಾಯಿಲ್ ಶೆನ್ನಿಕೊವ್ ಬರೀ 9 ಸೆಕೆಂಡು ಹಿಂದಿದ್ದರು.

ಈ ವೇಗ ನಮ್ಮ ಅಂದಾಜಿಗೆ ಸಿಗುವ ಹಾಗೆ ಹೇಳಬಹುದೇ?

1:19:37 ಎಂದರೆ ಕಿಲೋಮೀಟರಿಗೆ 4 ನಿಮಿಷಕ್ಕಿಂತ ಒಂದು ಸೆಕೆಂಡು ಕಡಿಮೆ. ಗಂಟೆಗೆ 15 ಕಿಲೋಮೀಟರ್. ಬೆಳಿಗ್ಗೆ ಪಾರ್ಕಿನಲ್ಲಿ ಬಿರುಸಾಗಿ ನಡೆಯುವವರು ಗಂಟೆಗೆ ಆರು ಕಿಲೋಮೀಟರ್ ದಾಟಿದರೆ ಹೆಚ್ಚು. ದಮಿಲಾನೊ ಅವರ ವೇಗದಲ್ಲಿ ಅರ್ಧ ಮ್ಯಾರಥಾನ್, ಅಂದರೆ ಸುಮಾರು 21 ಕಿಲೋಮೀಟರ್, ನಡೆದರೆ 1 ಗಂಟೆ 24 ನಿಮಿಷಕ್ಕೆ ಮುಗಿಯುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅರ್ಧ ಮ್ಯಾರಥಾನ್ ಓಡುವ ಗೆಳೆಯರನ್ನು ಕೇಳಿ ನೋಡಿ. ಓಡಿಯೇ ಅಷ್ಟು ಹೊತ್ತಿಗೆ ಮುಗಿಸುವವರು ಎಷ್ಟು ಜನ ಸಿಗುತ್ತಾರೆ?

ಅನುಭವಕ್ಕೇ ಬರಬೇಕೆಂದರೆ ಮೊಣಕಾಲು ಮಡಚದೆ, ಹಿಮ್ಮಡಿ ಮೊದಲು ಊರಿ, ಮೈದಾನದಲ್ಲಿ ಒಂದು ಸುತ್ತು ಸಾಧ್ಯವಾದಷ್ಟು ಬೇಗ ನಡೆಯಿರಿ. ಮೊದಲು ಉರಿಯುವುದು ತೊಡೆಯಲ್ಲ. ಮೊಣಕಾಲಿನ ಕೆಳಗೆ, ಎಲುಬಿನ ಪಕ್ಕದ ಮುಂಭಾಗದ ಸ್ನಾಯು. ಪಾದದ ತುದಿಯನ್ನು ಎತ್ತಿ ಹಿಡಿಯುವುದು ಅದೇ. ಓಟದಲ್ಲಿ ಅದಕ್ಕೆ ಇಷ್ಟು ಕೆಲಸವಿಲ್ಲ.

ಬಾರ್ಸಿಲೋನಾದಲ್ಲಿ ಪದಕ ತಪ್ಪಿದ್ದು ಹೇಗೆ?

1992ರಲ್ಲಿ ಅವರು ನಾಲ್ಕನೆಯವರು. ಸ್ಪೇನ್‌ನ ಡೇನಿಯಲ್ ಪ್ಲಾಸಾ ಗೆದ್ದರು, ಕೆನಡಾದ ಗಿಯೊಮ್ ಲೆಬ್ಲಾಂ ಎರಡನೆಯವರು. ಕಂಚು ಹೋದದ್ದು ಇಟಲಿಗೇ, ಕಿರಿಯ ಸಂಗಾತಿ ಜೊವಾನ್ನಿ ದೆ ಬೆನೆದಿಕ್ತಿಸ್ ಅವರಿಗೆ. ದಮಿಲಾನೊ ಬಂದದ್ದು ದೆ ಬೆನೆದಿಕ್ತಿಸ್‌ಗಿಂತ 28 ಸೆಕೆಂಡು ತಡವಾಗಿ. ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಮೊದಲ ನಾಲ್ಕರೊಳಗೇ ಇದ್ದರು ಎಂಬುದನ್ನು ಮಾತ್ರ ಮರೆಯಬೇಡಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸುಮಾರು ಎರಡು ತಿಂಗಳಾದ ಮೇಲೆ, ಅಕ್ಟೋಬರ್ 3ರಂದು, ತಮ್ಮದೇ ಜಿಲ್ಲೆಯ ಕೂನಿಯೊ ಪಟ್ಟಣದ ಟ್ರ್ಯಾಕಿನಲ್ಲಿ 30 ಕಿಲೋಮೀಟರ್ ನಡೆದರು. ಅಂದರೆ 75 ಸುತ್ತು. ಪ್ರತಿ ಸುತ್ತಿಗೆ ಸರಾಸರಿ 97 ಸೆಕೆಂಡು ಚಿಲ್ಲರೆ, ಮತ್ತೆ 97, ಮತ್ತೆ 97. ಒಟ್ಟು 2 ಗಂಟೆ 1 ನಿಮಿಷ 44.1 ಸೆಕೆಂಡು, ವಿಶ್ವದಾಖಲೆ. ಅದೇ ನಡಿಗೆಯಲ್ಲಿ ಎರಡು ಗಂಟೆಗೆ ಅವರು ಕ್ರಮಿಸಿದ್ದ 29,572 ಮೀಟರ್ ಕೂಡ ದಾಖಲೆಯಾಯಿತು. ಪದಕವಿಲ್ಲ, ವೇದಿಕೆಯಿಲ್ಲ, ಎದುರಿಗೆ ಗಡಿಯಾರ ಮತ್ತು ಸುತ್ತಲೂ ಊರವರು.

50 ಕಿ.ಮೀ. ನಡಿಗೆಯಲ್ಲೂ ಪದಕ ಗೆದ್ದಿದ್ದಾರೆಯೇ?

ಇಲ್ಲ. ಅವರ ಒಲಿಂಪಿಕ್ ಮತ್ತು ವಿಶ್ವ ಚಾಂಪಿಯನ್‌ಷಿಪ್ ಪದಕಗಳೆಲ್ಲ 20 ಕಿ.ಮೀ. ಸ್ಪರ್ಧೆಯವು.

ಇಟಲಿಯಲ್ಲಿ ಈ ಆಟ ಅಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ?

ಪರಂಪರೆಯೇ ಇದೆ. ಊಗೊ ಫ್ರಿಜೇರಿಯೊ 1920ರ ಆಂಟ್‌ವರ್ಪ್‌ನಲ್ಲಿ ಎರಡು, 1924ರ ಪ್ಯಾರಿಸ್‌ನಲ್ಲಿ ಒಂದು ಚಿನ್ನ ಗೆದ್ದವರು. ಆಂಟ್‌ವರ್ಪ್‌ನಲ್ಲಿ ಸ್ಪರ್ಧೆಗೆ ಮುಂಚೆ ವಾದ್ಯವೃಂದದ ನಾಯಕನ ಕೈಗೆ ಸಂಗೀತದ ಹಾಳೆ ಕೊಟ್ಟು, ತಾನು ನಡೆಯುವಾಗ ಇದನ್ನು ನುಡಿಸಿ ಎಂದು ಕೇಳಿಕೊಂಡಿದ್ದರು. 1952ರಲ್ಲಿ ಪೀನೊ ದೊರ್ದೋನಿ, 1964ರಲ್ಲಿ ಅಬ್ದೋನ್ ಪಾಮಿಚ್ 50 ಕಿ.ಮೀ. ಗೆದ್ದರು. ಆಮೇಲೆ ದಮಿಲಾನೊ. 2004ರ ಅಥೆನ್ಸ್‌ನಲ್ಲಿ ಇವಾನೊ ಬ್ರುನ್ಯೆತ್ತಿ 20 ಕಿ.ಮೀ. ಚಿನ್ನ ತಂದರು. ಟೋಕಿಯೊ ಕೂಟದಲ್ಲಿ, 2021ರಲ್ಲಿ, ಮಸ್ಸಿಮೊ ಸ್ತಾನೊ ಮತ್ತು ಅಂತೊನೆಲ್ಲಾ ಪಲ್ಮಿಸಾನೊ ಪುರುಷರ, ಮಹಿಳೆಯರ 20 ಕಿ.ಮೀ. ಎರಡನ್ನೂ ಬಾಚಿಕೊಂಡರು.

ನಿವೃತ್ತಿಯ ನಂತರ ಏನು ಮಾಡಿದರು?

ನಡಿಗೆಯನ್ನು ಬಿಡಲಿಲ್ಲ. ಸಹೋದರರ ಜೊತೆ ಸೇರಿ ಸಲೂತ್ಸೊದಲ್ಲಿ ‘ಫಿಟ್‌ವಾಕಿಂಗ್’ ಎಂಬ ಪದ್ಧತಿ ಬೆಳೆಸಿದರು. ಸ್ಪರ್ಧೆಯ ಕಟ್ಟುಪಾಡು ಬಿಟ್ಟು, ಪಾದ ಊರುವ ರೀತಿ, ಕೈ ಬೀಸುವ ರೀತಿ, ಬೆನ್ನು ನೆಟ್ಟಗಿಡುವುದು ಇಂಥವನ್ನು ಸಾಮಾನ್ಯ ಜನರಿಗೆ ಕಲಿಸುವ ವಿಧಾನ ಅದು.

ಜೊತೆಗೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ರೇಸ್ ವಾಕಿಂಗ್ ಸಮಿತಿಯ ಮುಖ್ಯಸ್ಥರಾಗಿ ದೀರ್ಘಕಾಲ ಕೆಲಸ ಮಾಡಿದರು. ಅವರ ಅವಧಿಯಲ್ಲೇ, 2019ರಲ್ಲಿ, ಬೂಟಿನೊಳಗಿನ ಅಟ್ಟೆಯಲ್ಲಿ ಎಲೆಕ್ಟ್ರಾನಿಕ್ ಚಿಪ್ ಇಟ್ಟು ಪಾದ ನೆಲ ಬಿಟ್ಟದ್ದನ್ನು ಪತ್ತೆಮಾಡುವ ಯೋಜನೆ ಮುಂದೆ ಬಂತು. ತೀರ್ಪುಗಾರರ ಕಣ್ಣಿನಿಂದಲೇ ಚಿನ್ನದ ದಾರಿ ತೆರೆದುಕೊಂಡವರು ಅವರು. ಆದರೂ ಕಣ್ಣಿಗಿಂತ ನಿಖರವಾದದ್ದು ಬರಲಿ ಎಂಬ ಕೆಲಸದ ಮುಂಚೂಣಿಯಲ್ಲಿ ನಿಂತರು. ಆಟದ ಮೇಲಿನ ಈ ನಿಷ್ಠೆಯನ್ನು ನಾನು ಅವರ ಪದಕಗಳಷ್ಟೇ ಗೌರವಿಸುತ್ತೇನೆ.

ಅಣ್ಣ ಸಾಂಡ್ರೊ ಮುಂದೆ ಚೀನಾದ ನಡಿಗೆ ಪಟುಗಳಿಗೆ ತರಬೇತಿ ಕೊಟ್ಟರು. 2012ರ ಲಂಡನ್ ಚಾಂಪಿಯನ್ ಚೆನ್ ಡಿಂಗ್, 2016ರ ರಿಯೊ ಚಾಂಪಿಯನ್ ವಾಂಗ್ ಝೆನ್ ಅವರ ಗರಡಿಯವರು.

ಭಾರತಕ್ಕೂ ಇದಕ್ಕೂ ಏನಾದರೂ ನಂಟಿದೆಯೇ?

ನೇರ ನಂಟಿಲ್ಲ, ಆದರೆ ಹೋಲಿಸಿ ನೋಡಲು ಒಳ್ಳೆಯ ಅಂಕಿಗಳಿವೆ. ಚೆನ್ ಡಿಂಗ್ ಗೆದ್ದ ಲಂಡನ್ ಸ್ಪರ್ಧೆಯಲ್ಲೇ ಕೇರಳದ ಕೆ.ಟಿ. ಇರ್ಫಾನ್ 1:20:21ಕ್ಕೆ 10ನೆಯವರಾಗಿ ಮುಗಿಸಿದ್ದರು. 2024ರ ಜನವರಿಯಲ್ಲಿ ಪಂಜಾಬಿನ ಅಕ್ಷ್‌ದೀಪ್ ಸಿಂಗ್ ಚಂಡೀಗಢದಲ್ಲಿ 1:19:38ಕ್ಕೆ ನಡೆದು ರಾಷ್ಟ್ರೀಯ ದಾಖಲೆ ಬರೆದರು. 1991ರಲ್ಲಿ ಟೋಕಿಯೊದಲ್ಲಿ ದಮಿಲಾನೊ ತೆಗೆದುಕೊಂಡ ಸಮಯಕ್ಕಿಂತ ಒಂದೇ ಒಂದು ಸೆಕೆಂಡು ಹೆಚ್ಚು.

ಅವರ ಹಳೆಯ ವಿಡಿಯೊ ನೋಡುವಾಗ ಏನನ್ನು ಗಮನಿಸಬೇಕು?

ಕಣ್ಣು ಸಹಜವಾಗಿ ಸೊಂಟದ ಮೇಲೆ ಹೋಗುತ್ತದೆ, ಹೋಗಲಿ. ಎರಡು ನಿಮಿಷದ ನಂತರ ತಲೆಯನ್ನು ನೋಡಿ. ಓಟಗಾರರ ತಲೆ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಒಳ್ಳೆಯ ನಡಿಗೆಗಾರನ ತಲೆ ಬಹುಮಟ್ಟಿಗೆ ಒಂದೇ ಎತ್ತರದಲ್ಲಿ ಸಾಗುತ್ತದೆ, ತುಂಬಿದ ಕೊಡ ಹೊತ್ತವರ ಹಾಗೆ. ಆಮೇಲೆ ಪಾದಕ್ಕೆ ಇಳಿಯಿರಿ. ಹಿಂದಿನ ಕಾಲಿನ ಬೆರಳು ನೆಲ ಬಿಡುವುದಕ್ಕೂ ಮುಂದಿನ ಹಿಮ್ಮಡಿ ನೆಲ ಮುಟ್ಟುವುದಕ್ಕೂ ನಡುವೆ ಬೆಳಕು ಕಾಣುತ್ತದೆಯೇ? ಮಾಸ್ಕೋದ ರಸ್ತೆಬದಿಯಲ್ಲಿ ನಿಂತವರು ಹುಡುಕಿದ್ದು ಆ ಬೆಳಕನ್ನೇ.